ತಕ್ಕಡಿಗೆ ಸಿಗದ ಬೆಸುಗೆ

ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಶೆಡ್ ಕಟ್ಟಿಸಲು ಹೊರಟವರು ಫ್ಯಾಬ್ರಿಕೇಟರ್ ಮುಂದೆ ಕೂತ ಕೂಡಲೇ ಕೇಳುವುದು ಒಂದೇ ಮಾತು: ‘ಕೆಜಿಗೆ ಎಷ್ಟು?’ ಉತ್ತರವೂ ಅಷ್ಟೇ ಚುಟುಕು. ಉಕ್ಕಿನ ಇವತ್ತಿನ ದರ ಇಷ್ಟು, ಅದನ್ನು ಕತ್ತರಿಸಿ, ಬೆಸೆದು, ಬಣ್ಣ ಹೊಡೆದು, ಕ್ರೇನಿನಲ್ಲಿ ಎತ್ತಿ ನಿಲ್ಲಿಸುವ ಕೂಲಿ ಇಷ್ಟು. ಎರಡನ್ನೂ ಕೂಡಿಸಿದರೆ ವ್ಯವಹಾರ ಕುದುರಿದ ಹಾಗೆ. ಸರ್ಕಾರಿ ಕಾಮಗಾರಿಗಳಲ್ಲೂ ಉಕ್ಕಿನ ಕೆಲಸವನ್ನು ಅಳೆಯುವುದು ತೂಕದಲ್ಲೇ. ಬಸ್ ನಿಲ್ದಾಣದ ಚಾವಣಿ, ಹಾಸ್ಟೆಲಿನ ಊಟದ ಮನೆಯ ಟ್ರಸ್, ಎಪಿಎಂಸಿ ಗೋದಾಮು, ಎಲ್ಲಕ್ಕೂ ಬಿಲ್ ಏಳುವುದು ಇಷ್ಟು ಕ್ವಿಂಟಲ್, ಇಷ್ಟು ಟನ್ ಎಂದು.

ಈ ಪದ್ಧತಿಗೆ ಒಂದು ಅನುಕೂಲವಿದೆ. ತೂಕದಲ್ಲಿ ಜಗಳ ಕಡಿಮೆ. ಆದರೆ ಚೌಕಟ್ಟನ್ನು ಹಿಡಿದು ನಿಲ್ಲಿಸುವ ಬೆಸುಗೆಯ ಲೋಹ ಟನ್ನಿಗೆ ಕೆಲವೇ ಕಿಲೋ. ಬೆಸುಗೆ ಒಳಗೆ ಟೊಳ್ಳಾಗಿದ್ದರೂ ಗಟ್ಟಿಯಾಗಿದ್ದರೂ ವೇ ಬ್ರಿಡ್ಜಿನ ಮೇಲೆ ವ್ಯತ್ಯಾಸ ತೋರುವುದಿಲ್ಲ. ಬೋಲ್ಟನ್ನು ಟಾರ್ಕ್ ವ್ರೆಂಚಿನಲ್ಲಿ ಲೆಕ್ಕ ಹಿಡಿದು ಬಿಗಿದರೂ ಒಂದೇ ತೂಕ, ಸ್ಪ್ಯಾನರ್ ಹಿಡಿದು ಅಂದಾಜಿಗೆ ನಾಲ್ಕು ಸುತ್ತು ತಿರುಗಿಸಿ ಬಿಟ್ಟರೂ ಅದೇ ತೂಕ. ಯಾವ ಕೆಲಸಕ್ಕೆ ಹೆಚ್ಚು ಕೈಚಳಕ ಬೇಕೋ ಅದಕ್ಕೇ ಈ ಲೆಕ್ಕದಲ್ಲಿ ದುಡ್ಡಿಲ್ಲ.

ಉಕ್ಕಿನ ಕಟ್ಟಡ ಬಿದ್ದಾಗ ಮಾತ್ರ ಬಹಳ ಸಲ ತಪ್ಪಿರುವುದು ಅಲ್ಲೇ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಕಥೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇವತ್ತಿಗೂ ಪಾಠ. 1981ರ ಜುಲೈ 17ರ ಸಂಜೆ ಅಲ್ಲಿನ ವಿಶಾಲ ಹಜಾರದಲ್ಲಿ ನೃತ್ಯ ಸ್ಪರ್ಧೆ ನಡೆದಿತ್ತು. ಸೂರಿನಿಂದ ಉಕ್ಕಿನ ಸರಳುಗಳಲ್ಲಿ ತೂಗುಬಿಟ್ಟಿದ್ದ ಎರಡು ಕಾಲುದಾರಿಗಳು ಒಂದರ ಮೇಲೊಂದು ಕಳಚಿ ಬಿದ್ದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಒಂದೇ ಉದ್ದನೆಯ ಸರಳು ಸೂರಿನಿಂದ ಇಳಿದು ನಾಲ್ಕನೇ ಮಹಡಿಯ ದಾರಿಯನ್ನೂ ಅದರ ಕೆಳಗಿನ ಎರಡನೇ ಮಹಡಿಯ ದಾರಿಯನ್ನೂ ಹಿಡಿಯಬೇಕಿತ್ತು. ಅಷ್ಟು ಉದ್ದಕ್ಕೂ ಥ್ರೆಡ್ ಹಾಕಿ ನಟ್ ಏರಿಸುವುದು ರಗಳೆಯೆಂದು ಸರಳನ್ನು ಎರಡು ತುಂಡು ಮಾಡಲಾಯಿತು. ಮೇಲಿನ ತುಂಡು ಮೇಲಿನ ದಾರಿಗೆ, ಕೆಳಗಿನ ತುಂಡು ಮೇಲಿನ ದಾರಿಯ ತೊಲೆಯಿಂದಲೇ ಕೆಳಗಿನ ದಾರಿಗೆ. ನೋಡಲು ಏನೂ ವ್ಯತ್ಯಾಸವಿಲ್ಲ. ಆದರೆ ಮೇಲಿನ ತೊಲೆಯ ಅಡಿಯ ಒಂದು ನಟ್ಟಿನ ಮೇಲೆ ಒಂದು ದಾರಿಯ ಬದಲು ಎರಡು ದಾರಿಗಳ ಭಾರ ಬಿತ್ತು. ಮೂಲ ನಕ್ಷೆಯ ಜೋಡಣೆಯೇ ನಿಯಮ ಕೇಳುವ ಬಲದ ಶೇ 60ರಷ್ಟಕ್ಕೆ ಮಾತ್ರ ಸಾಕಾಗುತ್ತಿತ್ತು. ಬದಲಾವಣೆಯ ಮೇಲೆ ಅದೂ ಅರ್ಧವಾಯಿತು. ಫ್ಯಾಬ್ರಿಕೇಟರ್ ಕಡೆಯ ಕಾರ್ಯನಕ್ಷೆಯಲ್ಲಿ ಬಂದ ಈ ಬದಲಾವಣೆಗೆ ಎಂಜಿನಿಯರುಗಳ ಮೊಹರು ಬಿದ್ದಿತ್ತು, ಲೆಕ್ಕವನ್ನು ಮಾತ್ರ ಯಾರೂ ಮತ್ತೆ ಹಾಕಿರಲಿಲ್ಲ. ಹೊಣೆ ಹೊತ್ತ ಎಂಜಿನಿಯರುಗಳ ಪರವಾನಗಿಯನ್ನು ಮಿಸೌರಿ ರಾಜ್ಯ ಕಿತ್ತುಕೊಂಡಿತು.

2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಗೆ ಕುಸಿದ ಹೆದ್ದಾರಿ ಸೇತುವೆಯದೂ ಇಂಥದೇ ಕಥೆ. ಸತ್ತವರು 13 ಮಂದಿ. ಸೇತುವೆಯ ತೊಲೆಗಳು ಸರಿಯಾಗೇ ಇದ್ದವು. ತೊಲೆ ತೊಲೆ ಕೂಡುವಲ್ಲಿ ಹಾಕುವ ಗಸೆಟ್ ಪ್ಲೇಟು ಒಂದು ಅಂಗುಲದಷ್ಟು ದಪ್ಪ ಇರಬೇಕಾದ ಕಡೆ ಅರ್ಧ ಅಂಗುಲ ಇತ್ತು. ಅರವತ್ತರ ದಶಕದಲ್ಲಿ ನಕ್ಷೆ ಬರೆಯುವಾಗ ಆದ ಆ ತಪ್ಪು ನಾಲ್ಕು ದಶಕ ಯಾರ ಕಣ್ಣಿಗೂ ಬೀಳಲಿಲ್ಲ.

ನಮ್ಮ ಕಡೆಗೆ ಬರೋಣ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಪೆಟ್ರೋಲ್ ಬಂಕಿನ ಮೇಲೆ ಬಿದ್ದ ಜಾಹೀರಾತು ಫಲಕ 17 ಜನರನ್ನು ಕೊಂದಿತು. ಮುಂಬೈ ಪಾಲಿಕೆ ಒಪ್ಪುವ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬಿದ್ದದ್ದು ಸುಮಾರು 120 ಅಡಿಗೆ 120 ಅಡಿ. ಪತ್ರಿಕೆಗಳು ಇದನ್ನು ಮೂರು ಪಟ್ಟು ಎಂದು ಬರೆದವು. ಗಾಳಿಗೆ ಅದು ಒಂಬತ್ತು ಪಟ್ಟು. ಮುಂಬೈಗೆ ಭಾರತೀಯ ಮಾನದಂಡ ಐಎಸ್ 875 ಗೊತ್ತುಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್, ಅಂದರೆ ಗಂಟೆಗೆ 158 ಕಿಲೋಮೀಟರ್. ಆ ವೇಗದ ಗಾಳಿ ಚದರ ಮೀಟರಿಗೆ ಸುಮಾರು 118 ಕಿಲೋ ಒತ್ತುತ್ತದೆ. ಎತ್ತರ, ಆಕಾರಗಳ ಗುಣಕ ಬಿಟ್ಟು ಬರಿಯ ಅಂದಾಜಿಗೆ ಗುಣಿಸಿದರೂ, ಪಾಲಿಕೆ ಒಪ್ಪುವ ಫಲಕದ ಮೇಲೆ ಬೀಳುವ ಗಾಳಿಯ ದೂಡು 18 ಟನ್ನಿನೊಳಗೆ. ಘಾಟ್ಕೋಪರ್ ಫಲಕದ ಮೇಲೆ 150 ಟನ್ನಿಗೂ ಮೇಲೆ. ಫಲಕ ಎತ್ತರವಾದಷ್ಟೂ ಆ ದೂಡು ಬುಡವನ್ನು ಮಗುಚುವ ಬಲವೂ ಏರುವುದರಿಂದ ಅಡಿಪಾಯ ಒಂಬತ್ತು ಪಟ್ಟು ಗಟ್ಟಿಯಾದರೂ ಸಾಲದು. ಮುಂಬೈನ ವಿಜೆಟಿಐ ಕಾಲೇಜಿನ ತಜ್ಞರ ಪ್ರಕಾರ ಆ ಅಡಿಪಾಯ ತಾಳಬಲ್ಲದ್ದು ಗಂಟೆಗೆ 49 ಕಿಲೋಮೀಟರ್ ಗಾಳಿಯನ್ನು. ಅವತ್ತು ಬೀಸಿದ್ದು 87 ಕಿಲೋಮೀಟರ್ ವೇಗದಲ್ಲಿ. ಚಂಡಮಾರುತವೇನೂ ಅಲ್ಲ, ಮಳೆಗಾಲದ ಮುಂಚಿನ ಒಂದು ಬಿರುಗಾಳಿ.

ಫಲಕ ನಿಂತಿದ್ದ ಜಾಗ ರೈಲ್ವೆ ಪೊಲೀಸರ ಸುಪರ್ದಿನಲ್ಲಿತ್ತು. ಅನುಮತಿ ಕೊಡಬೇಕಾದವರು ಯಾರು, ಪಾಲಿಕೆಯೋ ಪೊಲೀಸರೋ ಎಂಬ ವಾಗ್ವಾದ ಆಮೇಲೆ ಬಹಳ ದಿನ ನಡೆಯಿತು. ಅಡಿಪಾಯದ ಲೆಕ್ಕ ಹಾಕಿದವರಾರು, ಪರಿಶೀಲಿಸಿದವರಾರು ಎಂಬ ಪ್ರಶ್ನೆಗೆ ಅಷ್ಟು ಜಾಗ ಸಿಗಲಿಲ್ಲ.

ನಿಯಮ ಇರಲಿಲ್ಲವೇ? ಇತ್ತು. ಉಕ್ಕಿನ ವಿಷಯದಲ್ಲಿ ಭಾರತಕ್ಕೆ ನಿಯಮಗಳ ಬರ ಯಾವತ್ತೂ ಬಂದಿಲ್ಲ. ಅವುಗಳ ಚರಿತ್ರೆ ಸ್ವಾರಸ್ಯಕರವಾದದ್ದು. ಬ್ರಿಟನ್ನಿನಲ್ಲಿ 1901ರಲ್ಲಿ ಸರ್ ಜಾನ್ ವುಲ್ಫ್ ಬ್ಯಾರಿ ಮುಂದಾಳತ್ವದಲ್ಲಿ ಎಂಜಿನಿಯರಿಂಗ್ ಮಾನದಂಡ ಸಮಿತಿ ಕೂತಾಗ ಅವರ ಮುಂದಿದ್ದ ತೊಂದರೆ ಅಪಘಾತವಲ್ಲ, ಗೊಂದಲ. ಒಬ್ಬೊಬ್ಬ ಎಂಜಿನಿಯರೂ ತನಗೆ ಬೇಕಾದ ಅಳತೆಯ ತೊಲೆ ಕೇಳುತ್ತಿದ್ದ, ಕಾರ್ಖಾನೆಗಳು ಅಷ್ಟಕ್ಕೂ ರೋಲರ್ ಇಟ್ಟುಕೊಂಡು ಒದ್ದಾಡುತ್ತಿದ್ದವು. ಸಮಿತಿ ಕಟ್ಟಡದ ಉಕ್ಕಿನ ಅಳತೆಗಳನ್ನು 175ರಿಂದ 113ಕ್ಕೆ, ಟ್ರಾಂ ಹಳಿಗಳನ್ನು 75ರಿಂದ 5ಕ್ಕೆ ಇಳಿಸಿತು. ಭಾರತೀಯ ಮಾನಕ ಸಂಸ್ಥೆ, ಈಗ ಬಿಐಎಸ್ ಆಗಿದ್ದರೂ ಜನ ಇವತ್ತಿಗೂ ಐಎಸ್‌ಐ ಎಂದೇ ಕರೆಯುವುದು, ಹುಟ್ಟಿದ್ದು 1947ರ ಜನವರಿಯಲ್ಲಿ. ಅದರ ಮುಂದಿದ್ದದ್ದು ಬರ. ಭದ್ರಾವತಿ, ಜಮ್ಶೆಡ್‌ಪುರ, ಬರ್ನ್‌ಪುರಗಳ ಕುಲುಮೆಗಳೆಲ್ಲ ಸೇರಿ ಕೊಡುತ್ತಿದ್ದ ಉಕ್ಕು ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸು. ದೇಶಕ್ಕೆ ಅಣೆಕಟ್ಟು, ಸೇತುವೆ, ಕಾರ್ಖಾನೆ ಎಲ್ಲವೂ ಒಟ್ಟಿಗೆ ಬೇಕಿತ್ತು. ಆಗ ಕೈಗೆತ್ತಿಕೊಂಡ ‘ಉಕ್ಕು ಮಿತವ್ಯಯ ಕಾರ್ಯಕ್ರಮ’ದ ಫಲವಾಗಿ 1956ರಲ್ಲಿ ಬಂದದ್ದು ಐಎಸ್ 800, ಉಕ್ಕಿನ ಕಟ್ಟಡಗಳ ವಿನ್ಯಾಸಕ್ಕೆ ನಮ್ಮ ಮೂಲ ಸಂಹಿತೆ.

ಹೀಗೆ ನಮ್ಮ ಉಕ್ಕಿನ ನಿಯಮ ಹುಟ್ಟಿದ್ದೇ ಉಳಿತಾಯದ ಚಿಂತೆಯಲ್ಲಿ. ಆ ಕಾಲಕ್ಕೆ ಅದು ಸರಿಯಾದ ಚಿಂತೆ. ಸಂಹಿತೆ ಆಮೇಲೆ 1962, 1984, 2007ರಲ್ಲಿ ಪರಿಷ್ಕಾರಗೊಂಡು ಹೊಸ ವಿನ್ಯಾಸ ವಿಧಾನಕ್ಕೆ ಬಂತು. ತಯಾರಿಕೆ ಮತ್ತು ಜೋಡಣೆಗೆ ಒಂದಿಡೀ ಅಧ್ಯಾಯ ಅದರಲ್ಲಿದೆ. ಬೆಸುಗೆಗಾರರ ಪರೀಕ್ಷೆಗೆ ಐಎಸ್ 7310, ಹೆಚ್ಚು ಬಲದ ಬೋಲ್ಟ್ ಬಿಗಿಯುವ ಕ್ರಮಕ್ಕೆ ಐಎಸ್ 4000, ತಯಾರಿಕೆಯಲ್ಲಿ ಎಷ್ಟು ಸೊಟ್ಟ ಒಪ್ಪಬಹುದು ಎನ್ನಲು ಐಎಸ್ 7215. ದೇಶದ ಉಕ್ಕಿನ ಉತ್ಪಾದನೆ ಈಗ 15 ಕೋಟಿ ಟನ್ ಮುಟ್ಟಿದೆ, ತೋರಣಗಲ್ಲಿನ ಒಂದು ಸ್ಥಾವರದ ಸಾಮರ್ಥ್ಯವೇ ಅಂದಿನ ಇಡೀ ದೇಶದ ಉತ್ಪಾದನೆಯ ಹತ್ತು ಪಟ್ಟಿಗೂ ಮಿಗಿಲು. ಬರ ಹೋಯಿತು. ತೂಕದಲ್ಲಿ ಯೋಚಿಸುವ ಚಾಳಿ ಹೋಗಲಿಲ್ಲ.

ಕಾನೂನಿನ ಬಲ ಬಂದದ್ದೂ ಸರಕಿಗೆ ಮಾತ್ರ. 2012ರಿಂದ ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶಗಳ ಮೂಲಕ ಒಂದೊಂದೇ ಬಗೆಯ ಉಕ್ಕಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡುತ್ತ ಬಂತು. 2024ರ ಆದೇಶದ ಹೊತ್ತಿಗೆ ಪಟ್ಟಿಯಲ್ಲಿ 150ಕ್ಕೂ ಹೆಚ್ಚು ಮಾನದಂಡಗಳು. ವಿದೇಶದಿಂದ ಬರುವ ಅಗ್ಗದ ಮಾಲು ತಡೆಯಲು ಇದೊಂದು ಬೇಲಿ ಎಂಬ ದೂರು ಸಣ್ಣ ಕೈಗಾರಿಕೆಗಳದು. ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ಮನೆ ಕಟ್ಟುವವರಿಗೆ ಇದರಿಂದ ಆದ ಲಾಭ ಕಣ್ಣಿಗೆ ಕಾಣುವಂಥದು. ಕಂಬಿಯ ಮೇಲೇ ಅದರ ಜಾತಕ ಅಚ್ಚಾಗಿರುತ್ತದೆ. ಎಫ್‌ಇ 500 ಎಂದಿದ್ದರೆ ತುಂಡಾಗುವ ಮುನ್ನ ಕನಿಷ್ಠ ಶೇ 12 ಹಿಗ್ಗಬೇಕು, 500ಡಿ ಎಂದಿದ್ದರೆ ಶೇ 16. ಗಂಧಕ, ರಂಜಕಗಳ ಮಿತಿಯೂ ಡಿ ದರ್ಜೆಯಲ್ಲಿ ಬಿಗಿ. ಭೂಮಿ ಅಲುಗಿದಾಗ ಕಂಬಿ ಪಟ್ಟನೆ ಮುರಿಯದೆ ಬಾಗಿ ತಾಳಿಕೊಳ್ಳಬೇಕು ಎಂಬುದು ಈ ಒಂದಕ್ಷರದ ಅರ್ಥ. 12 ಮಿಲಿಮೀಟರ್ ಕಂಬಿ ಮೀಟರಿಗೆ 888 ಗ್ರಾಂ ತೂಗಬೇಕು. 12 ಮೀಟರಿನ ಒಂದು ಉದ್ದ ಕಂಬಿ 10 ಕಿಲೋ 650 ಗ್ರಾಂ. ಅನುಮಾನ ಬಂದವರು ಅಂಗಡಿಯಲ್ಲೇ ತೂಗಿಸಬಹುದು, ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಬಹುದು. ಇಲ್ಲಿ ತಕ್ಕಡಿ ಗ್ರಾಹಕನ ಪರ.

ತೊಡಕು ಶುರುವಾಗುವುದು ಮಾಲು ಲಾರಿಯಿಂದ ಇಳಿದ ಮೇಲೆ.

ಕಾರ್ಖಾನೆಯಿಂದ ಬರುವ ಪ್ರತಿ ಪ್ಲೇಟಿನ ಮೂಲೆಯಲ್ಲಿ ಒಂದು ಹೀಟ್ ನಂಬರ್ ಇರುತ್ತದೆ. ಯಾವ ಕುಲುಮೆಯ ಯಾವ ಸುತ್ತಿನಲ್ಲಿ ಕರಗಿದ್ದು, ಅದರ ರಾಸಾಯನಿಕ ಗುಣವೇನು, ಎಳೆದಾಗ ಎಲ್ಲಿ ಸೋತಿತು ಎಂಬುದನ್ನೆಲ್ಲ ಆ ಸಂಖ್ಯೆ ಹಿಡಿದು ಟೆಸ್ಟ್ ಸರ್ಟಿಫಿಕೇಟಿನಲ್ಲಿ ಓದಬಹುದು. ಪ್ಲೇಟನ್ನು ಕತ್ತರಿಸುವ ಮುಂಚೆ ಆ ಸಂಖ್ಯೆಯನ್ನು ಪ್ರತಿ ತುಂಡಿಗೂ ಪಂಚ್ ಹೊಡೆದೋ ಪೇಂಟಿನಲ್ಲಿ ಬರೆದೋ ದಾಟಿಸಬೇಕು. ಶಿಸ್ತಿನ ಕಾರ್ಖಾನೆಗಳಲ್ಲಿ ಹಾಗೇ ಮಾಡುತ್ತಾರೆ. ಸಣ್ಣ ಶೆಡ್ಡುಗಳಲ್ಲಿ ಗ್ಯಾಸ್ ಕಟರ್ ಹಚ್ಚಿದ ಮೊದಲ ಗಂಟೆಯಲ್ಲೇ ಆ ಮೂಲೆ ಬೇರೆಯಾಗಿ ಗುಜರಿ ರಾಶಿ ಸೇರುತ್ತದೆ. ಆಮೇಲೆ ಯಾವ ತುಂಡು ಯಾವ ಪ್ಲೇಟಿನದು ಎಂದು ಯಾರೂ ಹೇಳಲಾರರು. ಉಳಿದ ಸರಕಿನ ಜೊತೆ ಹಳೆಯ ಹಡಗು ಒಡೆದ ಪ್ಲೇಟೋ, ಬೇರೆ ಕೆಲಸದಿಂದ ಉಳಿದ ಆಂಗಲ್ಲೋ ಸೇರಿದರೂ ಬಣ್ಣ ಬಳಿದ ಮೇಲೆ ಎಲ್ಲ ಒಂದೇ. ಇಷ್ಟೆಲ್ಲ ಕಡ್ಡಾಯ ಮಾಡಿ ಪಡೆದ ಐಎಸ್‌ಐ ಗುರುತಿನ ಆಯುಸ್ಸು ಗೇಟಿನಿಂದ ಕಟಿಂಗ್ ಮೇಜಿನವರೆಗೆ.

ಬೆಸುಗೆಯ ಕಡೆ ನೋಡಿದರೆ ಇನ್ನೂ ಕಷ್ಟ. ಗಟ್ಟಿ ಕೆಲಸಕ್ಕೆ ಬೇಕಾದ ಕಡಿಮೆ ಹೈಡ್ರೋಜನ್ ರಾಡುಗಳು, ಕಸುಬಿನವರು 7018 ಎಂದು ಕರೆಯುವುದು, ತೇವ ಹೀರುವ ಜಾತಿ. ಅವನ್ನು ಒವನ್‌ನಲ್ಲಿ ಮುನ್ನೂರು ಡಿಗ್ರಿಯ ಮೇಲೆ ಕಾಯಿಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಬೇಕಾದಷ್ಟನ್ನೇ ತೆಗೆದು ಬಳಸಬೇಕು. ಇಲ್ಲದಿದ್ದರೆ ರಾಡಿನ ಲೇಪದ ನೀರು ಬಿಸಿಗೆ ಒಡೆದು ಹೈಡ್ರೋಜನ್ ಲೋಹದೊಳಗೆ ಸೇರಿಕೊಳ್ಳುತ್ತದೆ. ಬೆಸುಗೆ ತಣ್ಣಗಾಗಿ ಗಂಟೆಗಳೋ ದಿನವೋ ಕಳೆದ ಮೇಲೆ ಒಳಗೊಳಗೇ ಬಿರುಕು ಬಿಡುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಪ್ಯಾಕೆಟ್ ಒಡೆದು ತೆರೆದಿಟ್ಟ ರಾಡಿನ ಗತಿ ಊಹಿಸಬಹುದು. ಬೆಸುಗೆಯ ಮೇಲ್ಮೈಯನ್ನು ಗ್ರೈಂಡರಿನಲ್ಲಿ ನಯ ಮಾಡಿ ರೆಡ್ ಆಕ್ಸೈಡ್ ಹೊಡೆದರೆ ಒಳಗಿನ ಬಿರುಕು ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ಅದಕ್ಕೆ ಅಲ್ಟ್ರಾಸಾನಿಕ್ ಯಂತ್ರವೋ ಎಕ್ಸ್-ರೇ ಚಿತ್ರವೋ ಬೇಕು. ಮದುವೆಗೆ ಅಕ್ಕಿ ಬೇಳೆಯ ಬ್ರ್ಯಾಂಡ್ ನೋಡಿ ನೋಡಿ ಕೊಂಡು, ಅಡುಗೆಗೆ ಯಾರು ಬಂದಿದ್ದಾರೆಂದು ವಿಚಾರಿಸದೆ ಇದ್ದ ಹಾಗಿದೆ ನಮ್ಮ ವ್ಯವಸ್ಥೆ.

ನಮ್ಮವರಿಗೆ ಈ ಕೆಲಸ ಬಾರದು ಎಂದೇನೂ ಅಲ್ಲ. 2025ರ ಜೂನ್ 6ರಂದು ಉದ್ಘಾಟನೆಯಾದ ಚೀನಾಬ್ ಸೇತುವೆಯನ್ನು ನೋಡಿ. ನದಿಯಿಂದ 359 ಮೀಟರ್ ಎತ್ತರ, 467 ಮೀಟರಿನ ಉಕ್ಕಿನ ಕಮಾನು. ಕರಾವಳಿ ಕರ್ನಾಟಕಕ್ಕೆ ರೈಲು ತಂದ ಕೊಂಕಣ ರೈಲ್ವೆಯೇ ಅದನ್ನೂ ಕಟ್ಟಿಸಿದ್ದು; ಆ ಕಡಿದಾದ ಬೆಟ್ಟದ ಬಂಡೆ ತಾಳುವುದೇ ಎಂಬ ಪ್ರಶ್ನೆಯ ಹಿಂದೆ ಬೆಂಗಳೂರಿನ ಐಐಎಸ್‌ಸಿಯ ಪ್ರೊಫೆಸರ್ ಜಿ. ಮಾಧವಿ ಲತಾ ವರ್ಷಗಟ್ಟಲೆ ದುಡಿದರು. ಅಲ್ಲಿ ಮಾಡಿದ ಬೆಸುಗೆಯನ್ನು ಉದ್ದಕ್ಕೆ ಹಿಡಿದರೆ 500 ಕಿಲೋಮೀಟರಿಗೂ ಹೆಚ್ಚು. ಬೆಟ್ಟದ ನೆತ್ತಿಯಲ್ಲೇ ಮಾನ್ಯತೆ ಪಡೆದ ಪ್ರಯೋಗಾಲಯ ಇಟ್ಟುಕೊಂಡು, ಸುಧಾರಿತ ಅಲ್ಟ್ರಾಸಾನಿಕ್ ಯಂತ್ರದಿಂದ ಬೆಸುಗೆಗಳನ್ನು ಪರೀಕ್ಷಿಸಿದರು. ಕೆಲಸ ಮಾಡಿದ ವೆಲ್ಡರುಗಳು ಇಲ್ಲಿನವರೇ.

ಹಾಗಾದರೆ ವ್ಯತ್ಯಾಸ ಎಲ್ಲಿ? ರೈಲ್ವೆ ತನ್ನ ಉಕ್ಕಿನ ಸೇತುವೆಗೆ ತನ್ನದೇ ತಯಾರಿಕಾ ನಿಯಮ ಇಟ್ಟುಕೊಂಡಿದೆ. ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಒಪ್ಪಿದ ವರ್ಕ್‌ಶಾಪಿನಲ್ಲೇ ತೊಲೆ ತಯಾರಾಗಬೇಕು, ಬೆಸುಗೆಯ ವಿಧಾನಕ್ಕೆ ಮೊದಲೇ ಒಪ್ಪಿಗೆ ಬೇಕು, ವೆಲ್ಡರ್ ಪರೀಕ್ಷೆ ಪಾಸಾಗಿರಬೇಕು, ಇನ್‌ಸ್ಪೆಕ್ಟರ್ ಸಹಿ ಬೀಳದೆ ತೊಲೆ ಹೊರಗೆ ಹೋಗಬಾರದು. ಕಲ್ಯಾಣ ಮಂಟಪಕ್ಕೆ, ಶಾಲೆಯ ಒಳಾಂಗಣಕ್ಕೆ, ಗೋದಾಮಿಗೆ, ಮಾಲ್‌ಗೆ, ಜಾಹೀರಾತು ಫಲಕಕ್ಕೆ ಇಂಥ ಯಾವ ಸರಪಳಿಯೂ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಿಂದ ಇದೆ, ಕೊನೆಯ ಆವೃತ್ತಿ 2016ರದು. ಆದರೆ ಅದು ಶಿಫಾರಸು ಮಾತ್ರ; ರಾಜ್ಯವೋ ಸ್ಥಳೀಯ ಸಂಸ್ಥೆಯೋ ತನ್ನ ಉಪವಿಧಿಯಲ್ಲಿ ಸೇರಿಸಿಕೊಂಡಷ್ಟಕ್ಕೆ ಜೀವ. ಗುಣಮಟ್ಟ ನಿಯಂತ್ರಣ ಆದೇಶದ ಪಟ್ಟಿಯಲ್ಲಿ ಪ್ಲೇಟು, ತೊಲೆ, ಕಂಬಿ ಉಂಟು. ಅವೆಲ್ಲ ಸೇರಿ ಆಗುವ ಚೌಕಟ್ಟಿಗೆ ಜಾಗವಿಲ್ಲ.

ಮೇಲಾಗಿ ಸಹಿ ಹಾಕುವವರ ವಿಷಯ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ, ವಕೀಲರಿಗೆ ವೈದ್ಯರಿಗೆ ಅವರವರ ಪರಿಷತ್ತುಗಳಿವೆ. ಕಟ್ಟಡದ ಬಲಾಬಲ ಲೆಕ್ಕ ಹಾಕುವ ಎಂಜಿನಿಯರಿಗೆ ದೇಶಮಟ್ಟದ ಪರವಾನಗಿ ಕಾನೂನೇ ಇಲ್ಲ. ಕರಡು ಮಸೂದೆಗಳು ಬಂದವು, ಹೋದವು. 2001ರ ಭುಜ್ ಭೂಕಂಪದಲ್ಲಿ ಪಾಠ ಕಲಿತ ಗುಜರಾತ್ 2006ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಕಾನ್ಸಾಸ್ ಸಿಟಿಯಲ್ಲಿ ಆದ ಹಾಗೆ ತಪ್ಪಿಗೆ ಪರವಾನಗಿ ಕಿತ್ತುಕೊಳ್ಳಬೇಕೆಂದರೆ ಮೊದಲು ಕಿತ್ತುಕೊಳ್ಳಲು ಒಂದು ಪರವಾನಗಿ ಇರಬೇಕಲ್ಲ.

ಖಾಸಗಿ ಗೋದಾಮುಗಳಲ್ಲಿ ಈ ಕೊರತೆಯ ಇನ್ನೊಂದು ರೂಪ ಕಾಣುತ್ತದೆ. ಹೊಸಕೋಟೆ, ನೆಲಮಂಗಲ, ದಾಬಸ್‌ಪೇಟೆಯ ಸುತ್ತ ಎದ್ದಿರುವ ಸಾಲು ಸಾಲು ಶೆಡ್ಡುಗಳ ಪೈಕಿ ಬಹುಪಾಲು ಕಾರ್ಖಾನೆಯಲ್ಲೇ ಅಳತೆಗೆ ತಯಾರಾಗಿ ಬಂದು ಬೋಲ್ಟ್ ಹಾಕಿ ನಿಲ್ಲಿಸಿದವು. ಕಸುಬಿನವರು ಪಿಇಬಿ ಎನ್ನುತ್ತಾರೆ. ಇವನ್ನು ಭಾರತೀಯ ಸಂಹಿತೆಯಲ್ಲೂ ವಿನ್ಯಾಸ ಮಾಡಬಹುದು, ಅಮೆರಿಕದ ಸಂಹಿತೆಯಲ್ಲೂ ಮಾಡಬಹುದು. ತೊಲೆ ಎಷ್ಟು ಬಾಗಬಹುದು, ಪ್ಲೇಟು ಎಷ್ಟು ತೆಳುವಿರಬಹುದು ಎಂಬಲ್ಲಿ ಅಮೆರಿಕದ್ದು ಸಡಿಲ, ಆದ್ದರಿಂದ ಅದರ ಶೆಡ್ ಸಾಮಾನ್ಯವಾಗಿ ಹಗುರ. ಅಮೆರಿಕದ ಸಂಹಿತೆ ಕೆಟ್ಟದ್ದೆಂದಲ್ಲ. ಆದರೆ ಅಲ್ಲಿ ಆ ಸಡಿಲಿಕೆಯ ಜೊತೆಗೇ ಸ್ವತಂತ್ರ ತಪಾಸಣೆ, ಪರವಾನಗಿ ಪಡೆದ ಎಂಜಿನಿಯರು, ಪ್ರಮಾಣಪತ್ರ ಇರುವ ಫ್ಯಾಬ್ರಿಕೇಟರು ಬರುತ್ತಾರೆ. ನಾವು ಹಗುರವನ್ನು ಮಾತ್ರ ಆಮದು ಮಾಡಿಕೊಂಡೆವು.

ಬೇರೆ ದೇಶಗಳು ಈ ಗಂಟನ್ನು ಬಿಡಿಸಿದ ರೀತಿಗಳು ಹಲವು. ಯುರೋಪಿನಲ್ಲಿ ಇಎನ್ 1090 ಎಂಬ ಮಾನದಂಡ ಉಕ್ಕಿನ ಚೌಕಟ್ಟನ್ನೇ ಒಂದು ಉತ್ಪನ್ನವೆಂದು ಎಣಿಸುತ್ತದೆ. 2014ರ ಜುಲೈ 1ರಿಂದ ಅದರ ಪ್ರಕಾರ ಸಿಇ ಗುರುತಿಲ್ಲದ ಚೌಕಟ್ಟನ್ನು ಅಲ್ಲಿ ಮಾರುವಂತಿಲ್ಲ. ಅದರ ಜಾಣತನ ಇರುವುದು ದರ್ಜೆಗಳಲ್ಲಿ. ದನದ ಕೊಟ್ಟಿಗೆಯಂಥ ಕಟ್ಟಡಕ್ಕೆ ಒಂದನೇ ದರ್ಜೆ, ಸಾಮಾನ್ಯ ಕಟ್ಟಡಕ್ಕೆ ಎರಡನೆಯದು, ಸೇತುವೆ ಕ್ರೀಡಾಂಗಣಗಳಿಗೆ ಅದರ ಮೇಲಿನವು. ಬಿದ್ದರೆ ಎಷ್ಟು ಜನ ಸಾಯಬಹುದು ಎಂಬುದರ ಮೇಲೆ ತಪಾಸಣೆಯ ಬಿಗಿ. ಜಪಾನಿನಲ್ಲೂ ಫ್ಯಾಬ್ರಿಕೇಟರುಗಳಿಗೆ ಐದು ಶ್ರೇಣಿ. ಯಾವ ಶ್ರೇಣಿಯವರು ಎಂಥ ಕಟ್ಟಡ ಮಾಡಬಹುದು ಎಂಬುದು ಗೊತ್ತಾದ ವಿಷಯ. ಕೆನಡಾದ್ದು ಇನ್ನೂ ಸರಳ. ಅಲ್ಲಿ ವೆಲ್ಡರಿಗೆ ಮಾತ್ರವಲ್ಲ, ಬೆಸುಗೆ ಕೆಲಸ ಹಿಡಿಯುವ ಕಂಪನಿಗೇ ಪ್ರಮಾಣಪತ್ರ ಬೇಕು. ಅದನ್ನು ಕೊಡುವ ವೆಲ್ಡಿಂಗ್ ಬ್ಯೂರೊ 1947ರಲ್ಲೇ ಹುಟ್ಟಿದ್ದು, ಅಂದರೆ ನಮ್ಮ ಐಎಸ್‌ಐನ ಓರಗೆಯದು. ಅವರು ಕೈಕೆಲಸದಿಂದ ಶುರು ಮಾಡಿದರು, ನಾವು ಸರಕಿನಿಂದ ಶುರು ಮಾಡಿ ಅಲ್ಲೇ ನಿಂತೆವು.

ಇಂಥ ಕ್ರಮವನ್ನು ಇಲ್ಲೂ ತರಬೇಕೆಂದರೆ ಬರುವ ಆಕ್ಷೇಪ ಗೊತ್ತಿರುವುದೇ: ಮತ್ತೊಂದು ಪರವಾನಗಿ, ಮತ್ತೊಬ್ಬ ಇನ್‌ಸ್ಪೆಕ್ಟರ್, ಮತ್ತೊಂದು ಲಂಚದ ಕಿಟಕಿ. ನಾಲ್ಕು ಜನರನ್ನು ಇಟ್ಟುಕೊಂಡು ಅಂಗಡಿ ನಡೆಸುವ ಶಿವಮೊಗ್ಗದ ಫ್ಯಾಬ್ರಿಕೇಟರ್ ಯುರೋಪಿನ ದಾಖಲೆ ಪುಸ್ತಕ ಇಡಲಾರ. ಈ ಆಕ್ಷೇಪವನ್ನು ತಳ್ಳಿಹಾಕುವವರು ಒಂದು ಸಣ್ಣ ಕೈಗಾರಿಕೆಯನ್ನೂ ಹತ್ತಿರದಿಂದ ನೋಡಿಲ್ಲ ಎನ್ನಬೇಕು. ಎಲ್ಲಕ್ಕೂ ಒಂದೇ ನಿಯಮ ಹೇರಿದರೆ ಕಾಗದದ ಕಟ್ಟು ಬೆಳೆಯುತ್ತದೆಯೇ ಹೊರತು ಬೆಸುಗೆ ಬಲಿಯುವುದಿಲ್ಲ. ಅದಕ್ಕೇ ದರ್ಜೆ ಮುಖ್ಯ. ಹತ್ತು ಅಡಿ ಎತ್ತರದ ಬೈಕ್ ಶೆಡ್ಡಿಗೆ ಯಾರ ಸಹಿಯೂ ಬೇಡ. ನೂರು ಜನ ಸೇರುವ ಚಾವಣಿಗೆ, ರಸ್ತೆಯ ಮೇಲೆ ಬೀಳಬಹುದಾದ ಫಲಕಕ್ಕೆ ಬೇಕು. ಇನ್ನು ವೆಲ್ಡರ್ ಪರೀಕ್ಷೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಎರಡು ಪ್ಲೇಟು ಬೆಸೆಯಲು ಹೇಳಿ, ಅದರಿಂದ ಪಟ್ಟಿ ಕತ್ತರಿಸಿ, ಒಮ್ಮೆ ಮುಖದ ಕಡೆಗೆ ಒಮ್ಮೆ ಬುಡದ ಕಡೆಗೆ ಬಾಗಿಸಿ ನೋಡುವುದು. ಬಿರುಕು ಬಿಟ್ಟರೆ ಫೇಲ್. ರಾಜ್ಯದ 150 ಸರ್ಕಾರಿ ಐಟಿಐಗಳನ್ನು 2022ರಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಲಾಯಿತು. ಜಿಲ್ಲೆಗೊಂದರಲ್ಲಿ ಈ ಬಾಗು ಪರೀಕ್ಷೆ ನಡೆಸಿ ಗುರುತಿನ ಚೀಟಿ ಕೊಡುವುದು ಅಸಾಧ್ಯದ ಮಾತಲ್ಲ. ತರಬೇತುದಾರರ ತರಬೇತಿಗೆ ತಿರುಚ್ಚಿಯ ಬಿಎಚ್‌ಇಎಲ್ ಆವರಣದ ಬೆಸುಗೆ ಸಂಶೋಧನಾ ಸಂಸ್ಥೆ ಒಂದು ರಾತ್ರಿಯ ಪ್ರಯಾಣ.

ಮಾನದಂಡಗಳು ಸಿಗುವುದಿಲ್ಲ ಎಂಬ ನೆಪವೂ ಈಗಿಲ್ಲ. ಒಂದು ಕಾಲಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಭಾರತೀಯ ಮಾನದಂಡಗಳನ್ನು ಬಿಐಎಸ್ ಜಾಲತಾಣದಿಂದ ಈಗ ಉಚಿತವಾಗಿ ಇಳಿಸಿಕೊಳ್ಳಬಹುದು. ಆದರೆ ಅವು ಬಹುಪಾಲು ಇಂಗ್ಲಿಷಿನಲ್ಲಿ, ಅದೂ ಎಂಜಿನಿಯರ್ ಓದುವ ಇಂಗ್ಲಿಷಿನಲ್ಲಿ. ರಾಡ್ ಎಷ್ಟು ಹೊತ್ತು ಕಾಯಿಸಬೇಕು, ಬೆಸುಗೆಯ ಕಾಲು ಎಷ್ಟು ಮಿಲಿಮೀಟರ್ ಇರಬೇಕು, 8.8 ಎಂದು ತಲೆಯ ಮೇಲೆ ಬರೆದ ಬೋಲ್ಟಿನ ಜಾಗಕ್ಕೆ ಸಾದಾ ಬೋಲ್ಟ್ ಯಾಕೆ ಹಾಕಬಾರದು, ಹೀಟ್ ನಂಬರ್ ದಾಟಿಸುವುದು ಹೇಗೆ ಎಂಬುದನ್ನು ಚಿತ್ರಸಹಿತ ಹತ್ತಿಪ್ಪತ್ತು ಪುಟದಲ್ಲಿ ಕನ್ನಡದಲ್ಲಿ, ಹಿಂದಿಯಲ್ಲಿ, ಒಡಿಯಾದಲ್ಲಿ ಅಚ್ಚು ಹಾಕಿ ಶೆಡ್ಡಿಗೊಂದು ಕೊಟ್ಟರೆ ಓದುವವರು ಇದ್ದಾರೆ. ಬೆಂಗಳೂರಿನ ಸುತ್ತ ಬೆಸುಗೆ ಹಿಡಿದಿರುವ ಹುಡುಗರಲ್ಲಿ ಎಷ್ಟೋ ಜನ ಪೂರ್ವ ರಾಜ್ಯಗಳಿಂದ ಬಂದವರು ಎಂಬುದನ್ನೂ ಮರೆಯುವಂತಿಲ್ಲ.

ಕಟ್ಟಡ ಮುಗಿಯುವ ಮುಂಚಿನ ತಾತ್ಕಾಲಿಕ ಹಂತದ ಬಗ್ಗೆಯೂ ಒಂದು ಮಾತು. 2023ರ ಜನವರಿ 10ರಂದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದ ಕಂಬಿಗಳ ಪಂಜರ ಸ್ಕೂಟರಿನ ಮೇಲೆ ಮಗುಚಿ ತಾಯಿ, ಎಳೆಯ ಮಗು ಇಬ್ಬರೂ ಸತ್ತರು. ಕಂಬಿಯ ಗುಣಮಟ್ಟದ ಬಗ್ಗೆ ದೂರು ಇರಲಿಲ್ಲ. ಕಾಂಕ್ರೀಟ್ ಬೀಳುವ ತನಕ ಅದನ್ನು ಹಿಡಿದು ನಿಲ್ಲಿಸುವ ಆಧಾರದ ಕಡೆಗೇ ತನಿಖೆ ಬೆರಳು ತೋರಿತು. ಪೂರ್ತಿಯಾದ ಕಟ್ಟಡಕ್ಕೆ ಸಂಹಿತೆಯುಂಟು, ಅರ್ಧ ಕಟ್ಟಿದ್ದರ ಹೊಣೆ ಯಾರದೆಂದು ಗುತ್ತಿಗೆ ಪತ್ರದಲ್ಲಿ ಹುಡುಕಿದರೂ ಕಷ್ಟಕ್ಕೆ ಸಿಗುತ್ತದೆ.

ನಿಯಮ ಪಾಲನೆ ಉಪದೇಶದಿಂದ ಬರುವುದಿಲ್ಲ, ದಾಟಲೇಬೇಕಾದ ಒಂದು ಗೇಟಿನಿಂದ ಬರುತ್ತದೆ. ಕರ್ನಾಟಕ ಅದನ್ನು ಈಚೆಗೆ ಕಣ್ಣಾರೆ ಕಂಡಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನ ಪತ್ರ (ಓಸಿ) ನೋಡದೆ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದು ಎಂದಿತು. ಅದುವರೆಗೆ ಓಸಿ ಎಂಬ ಕಾಗದವನ್ನು ಲೆಕ್ಕಕ್ಕೇ ಇಟ್ಟಿರದ ಮನೆಮಾಲೀಕರು ಮೀಟರ್ ಸಿಗದೆ ಬೆಸ್ಕಾಂ ಕಚೇರಿಗಳ ಮುಂದೆ ಸಾಲುಗಟ್ಟಿದರು. ಕೊನೆಗೆ ಸರ್ಕಾರ ಸಣ್ಣ ನಿವೇಶನಗಳ ಮನೆಗಳಿಗೆ ವಿನಾಯಿತಿ ಕೊಡಬೇಕಾಯಿತು. ಒರಟು ಕ್ರಮ, ಎಡವಿದ ಜಾರಿ. ಆದರೂ ದಶಕಗಳಿಂದ ಯಾವ ಸುತ್ತೋಲೆಗೂ ಬಗ್ಗದ ವಿಷಯ ಒಂದು ಮೀಟರಿನ ಮುಂದೆ ಬಗ್ಗಿತು. ಉಕ್ಕಿನ ಚೌಕಟ್ಟಿಗೂ ಇಂಥದೊಂದು ಗೇಟು ಬೇಕು, ವಿನಾಯಿತಿಯ ಗೆರೆಯನ್ನು ಮೊದಲೇ ಎಳೆದುಕೊಂಡು.

ಅದಕ್ಕೆ ಸರ್ಕಾರ ಖಾಸಗಿಯವರ ಬಾಗಿಲು ಬಡಿಯುವ ಮುಂಚೆ ತನ್ನ ಅಂಗಳದಿಂದ ಶುರು ಮಾಡಬಹುದು. ಬಸ್ ನಿಲ್ದಾಣ, ಹಾಸ್ಟೆಲ್, ಕ್ರೀಡಾಂಗಣ, ಪಾದಚಾರಿ ಮೇಲ್ಸೇತುವೆಗಳ ಟೆಂಡರಿನಲ್ಲಿ ಬೆಸುಗೆ ಪರೀಕ್ಷೆಗೂ ಬೋಲ್ಟ್ ತಪಾಸಣೆಗೂ ಕೆಜಿ ದರದಿಂದ ಬೇರೆಯಾಗಿ ಒಂದೊಂದು ಸಾಲು ಇಡಬೇಕು. ಆ ದುಡ್ಡು ಗುತ್ತಿಗೆದಾರನ ಕೈಗೆ ಹೋಗದೆ ಇಲಾಖೆಯೇ ನೇಮಿಸಿದ ಮೂರನೆಯವರಿಗೆ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೋ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೋ, ಸಂದಾಯವಾಗಬೇಕು. ಪರೀಕ್ಷೆ ಮಾಡಿಸಿದ್ದಕ್ಕೆ ದುಡ್ಡು ಬರುತ್ತದೆಂದಾದರೆ ಯಂತ್ರ ಕೊಳ್ಳುವವರೂ ಹುಟ್ಟುತ್ತಾರೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದರಪಟ್ಟಿಯ ಒಂದು ಪರಿಷ್ಕರಣೆ ಸಾಕು. ಎರಡನೆಯ ಸುತ್ತಿಗೆ ಜಾಹೀರಾತು ಫಲಕಗಳು. ಬೆಂಗಳೂರಿಗೆ ಸಂಹಿತೆಯ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ಜಾಹೀರಾತು ಪರವಾನಗಿಯ ಅರ್ಜಿಯಲ್ಲಿ ತೆರಿಗೆಯ ಕಾಲಂ ಪಕ್ಕದಲ್ಲೇ ಈ ವೇಗಕ್ಕೆ ಅಡಿಪಾಯದ ಲೆಕ್ಕ, ಲೆಕ್ಕ ಹಾಕಿದವರ ಹೆಸರು, ಪರಿಶೀಲಿಸಿದವರ ಹೆಸರು ಇರಲಿ. ಮೂರನೆಯದು ಮಹಡಿ ಮನೆಗಳ ತಾರಸಿಯ ಮೇಲೆ ಈಗ ಸಬ್ಸಿಡಿಯ ಭರಾಟೆಯಲ್ಲಿ ಏಳುತ್ತಿರುವ ಸೌರ ಫಲಕಗಳ ಉಕ್ಕಿನ ಚೌಕಟ್ಟುಗಳು. ಪ್ಯಾನೆಲ್ಲಿಗೆ, ಇನ್ವರ್ಟರಿಗೆ ಪ್ರಮಾಣಪತ್ರ ಕೇಳುವ ವಿದ್ಯುತ್ ಕಂಪನಿಗಳು ಅವುಗಳ ಕಾಲು ತಾರಸಿಗೆ ಎಷ್ಟು ಆಳ ಇಳಿದಿದೆ ಎಂದೂ ಕೇಳಲಿ. ಹತ್ತು ಅಡಿ ಎತ್ತರಿಸಿ ಕೆಳಗೆ ಬಟ್ಟೆ ಒಣಹಾಕಲು ಜಾಗ ಮಾಡಿಕೊಂಡ ಚೌಕಟ್ಟುಗಳು ನಗರದ ಪ್ರತಿ ಬಡಾವಣೆಯಲ್ಲೂ ಎದ್ದಿವೆ, ಮುಂಗಾರು ಪೂರ್ವದ ಗಾಳಿ ಪ್ರತಿ ಏಪ್ರಿಲ್‌ನಲ್ಲೂ ಬರುತ್ತದೆ.